ಬ್ರೌಸರ್ ಅಪ್‌ಡೇಟ್ ಆದಮೇಲೆ ಮೇಲ್‌ನ ಫೈಲ್ ತೆರೆಯುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ನೋಡೋಣ

ದಾವಣಗೆರೆಯ ಹದಡಿ ರಸ್ತೆ ಕಡೆ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಹೊರಗೆ ಒಂದು ಬೆಂಚು. ಪ್ರಿಂಟ್ ತೆಗೆಸಲು ಬರುವವರಿಗಿಂತ ‘ಇದೊಂದು ಓಪನ್ ಆಗ್ತಿಲ್ಲ ನೋಡ್ರಿ’ ಅಂತ ಬರುವವರೇ ಜಾಸ್ತಿ.

ಈಚೆಗೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಮಾಡುವ ಅಣ್ಣ ಒಬ್ಬರು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದರು. ವರ್ಷಗಟ್ಟಲೆ ಕ್ರೋಮ್ ಅಪ್‌ಡೇಟ್ ಮಾಡಿರಲಿಲ್ಲ. ಮಗ ಒಂದೇ ಏಟಿಗೆ ಮಾಡಿಕೊಟ್ಟಿದ್ದ. ‘ಅವತ್ತಿಂದ ಒಂದು ಬಿಲ್ಲೂ ಓಪನ್ ಆಗ್ತಿಲ್ಲ ನೋಡ್ರಿ. ಒತ್ತಿ ಒತ್ತಿ ಬೆರಳು ನೋವು ಬಂತು’ ಅಂದರು. ನಾನು ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಒಂದೇ ಬಿಲ್ಲು ಹದಿನಾಲ್ಕು ಸಲ ಕೂತಿತ್ತು. ಮೊದಲನೆಯದಕ್ಕೆ ಬರೀ ಹೆಸರು, ಉಳಿದವಕ್ಕೆ ಹೆಸರಿನ ಪಕ್ಕ 1ರಿಂದ 13ರವರೆಗೆ ನಂಬರು. ಅವರು ಒತ್ತಿದಷ್ಟು ಸಲವೂ ಫೈಲ್ ಬಂದಿತ್ತು. ‘ಮತ್ತೆ ಕೆಳಗೊಂದು ಪಟ್ಟಿ ಬರ್ತಿತ್ತಲ್ರೀ, ಅದೆಲ್ಲಿ ಹೋತು?’

ಅಪ್‌ಡೇಟ್ ಆದಮೇಲೆ ಫೈಲ್ ಕೆಟ್ಟಿತು ಅನ್ನುವ ದೂರುಗಳಲ್ಲಿ ಬಹಳಷ್ಟು ಇದೇ ಜಾತಿಯವು. ಫೈಲ್ ಕೆಟ್ಟಿರುವುದಿಲ್ಲ. ಅದು ಹೋಗಿ ಕೂರುವ ಜಾಗವೋ, ಅದನ್ನು ತೆರೆಯುವ ಆ್ಯಪೋ ಬದಲಾಗಿರುತ್ತದೆ. ಮೇಲ್‌ನ ಫೈಲ್ ನಾಲ್ಕು ಕೈ ದಾಟಿ ನಮಗೆ ಸಿಗುತ್ತದೆ: ಮೇಲ್ ಕಂಪನಿಯ ಸರ್ವರ್, ಬ್ರೌಸರ್, ನಮ್ಮ ಕಂಪ್ಯೂಟರಿನ ಫೋಲ್ಡರ್, ಕೊನೆಗೆ ಅದನ್ನು ತೆರೆಯುವ ಸಾಫ್ಟ್‌ವೇರ್. ಯಾವ ಕೈಯಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

## ಯಾವ ಲಕ್ಷಣವೇ ಇರಲಿ, ಮೊದಲು ಇಷ್ಟು ಮಾಡಿ

ಬ್ರೌಸರ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಿರಿ. ಒಂದು ಟ್ಯಾಬ್ ಮುಚ್ಚಿದರೆ ಸಾಲದು. ಅಪ್‌ಡೇಟ್ ಇಳಿದಿರುತ್ತದೆ, ಆದರೆ ಬ್ರೌಸರ್ ಮುಚ್ಚಿ ತೆರೆಯುವ ತನಕ ಪೂರ್ತಿ ಜಾರಿಗೆ ಬಂದಿರುವುದಿಲ್ಲ. ಕ್ರೋಮ್‌ನಲ್ಲಿ ಮೇಲೆ ಬಲಗಡೆ ಮೂರು ಚುಕ್ಕಿ ಒತ್ತಿ, ‘ಹೆಲ್ಪ್’ ಒಳಗೆ ‘ಅಬೌಟ್ ಗೂಗಲ್ ಕ್ರೋಮ್’ ನೋಡಿ. ‘ರೀಲಾಂಚ್’ ಅನ್ನುವ ಬಟನ್ ಕಂಡರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಒತ್ತಿಬಿಡಿ.

ಆಮೇಲೆ ಅದೇ ಮೇಲ್ ಅನ್ನು ಫೋನ್‌ನಲ್ಲಿ ತೆರೆದು ನೋಡಿ. ಫೋನ್‌ನಲ್ಲೂ ತೆರೆಯದಿದ್ದರೆ ತಪ್ಪು ನಿಮ್ಮ ಬ್ರೌಸರ್‌ನದ್ದಲ್ಲ. ಫೈಲೇ ಕೆಟ್ಟಿರಬಹುದು, ಇಲ್ಲವೇ ಅದು ಬೇರೆ ನಮೂನೆಯ ಫೈಲ್ ಇರಬಹುದು. ಕಳಿಸಿದವರಿಗೆ ಫೋನ್ ಮಾಡಿ ಇನ್ನೊಮ್ಮೆ ಕಳಿಸಲು ಹೇಳುವುದೇ ಅಗ್ಗದ ದಾರಿ.

ಫೋನ್‌ನಲ್ಲಿ ತೆರೆಯಿತಾ? ಹಾಗಾದರೆ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಬ್ರೌಸರ್ ಹಿಡಿಯಿರಿ. ವಿಂಡೋಸ್ 10, 11 ಇದ್ದರೆ ಎಡ್ಜ್ ಇದ್ದೇ ಇರುತ್ತದೆ. ಎಡ್ಜ್‌ನಲ್ಲಿ ಆಗುತ್ತೆ, ಕ್ರೋಮ್‌ನಲ್ಲಿ ಆಗಲ್ಲ ಅಂದರೆ ತೊಂದರೆ ಕ್ರೋಮ್‌ನ ಒಳಗಿದೆ. ಎರಡರಲ್ಲೂ ಆಗದಿದ್ದರೆ ಫೋಲ್ಡರ್, ಆ್ಯಂಟಿವೈರಸ್ ಅಥವಾ ಫೈಲ್ ತೆರೆಯುವ ಸಾಫ್ಟ್‌ವೇರ್ ಕಡೆ ನೋಡಬೇಕು. ಅರ್ಜೆಂಟಾಗಿ ಹಾಲ್ ಟಿಕೆಟ್ ಬೇಕಿದ್ದರೆ ಎಡ್ಜ್‌ನಲ್ಲೇ ಪ್ರಿಂಟ್ ತೆಗೆದು ನಡೆಯಿರಿ. ರಿಪೇರಿ ಸಂಜೆ ಮಾಡಿದರಾಯಿತು.

## ‘ಒತ್ತಿದರೆ ಏನೂ ಆಗುವುದೇ ಇಲ್ಲ’

ಕೀಬೋರ್ಡಿನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಜೆ ಒತ್ತಿ. ಇಲ್ಲಿಯವರೆಗೆ ಡೌನ್‌ಲೋಡ್ ಆದದ್ದರ ಪಟ್ಟಿ ಬರುತ್ತದೆ. ನಿಮ್ಮ ಫೈಲ್ ಅಲ್ಲಿದ್ದರೆ ದೋಷವೇ ಇಲ್ಲ. ಹಳೆಯ ಕ್ರೋಮ್‌ನಲ್ಲಿ ಕಿಟಕಿಯ ಬುಡದಲ್ಲಿ ಒಂದು ಪಟ್ಟಿ ಬಂದು ಫೈಲ್ ತೋರಿಸುತ್ತಿತ್ತು. 2023ರಲ್ಲಿ ಅದನ್ನು ತೆಗೆದು, ವಿಳಾಸ ಬರೆಯುವ ಪಟ್ಟಿಯ ಬಲಕ್ಕೆ ಕೆಳಮುಖದ ಒಂದು ಸಣ್ಣ ಬಾಣ ಇಟ್ಟರು. ಕಣ್ಣು ಕೆಳಗೆ ಹುಡುಕುತ್ತದೆ, ಫೈಲ್ ಮೇಲೆ ಇರುತ್ತದೆ. ದಲಾಲಿ ಅಣ್ಣನ ಕಥೆ ಇಷ್ಟೇ.

ಫೈರ್‌ಫಾಕ್ಸ್‌ನವರಿಗೂ ಇಂಥದ್ದೇ ಆಯಿತು. ಮೊದಲು ‘ತೆರೆಯಲಾ, ಉಳಿಸಲಾ’ ಅಂತ ಒಂದು ಪೆಟ್ಟಿಗೆ ಕೇಳುತ್ತಿತ್ತು. 2022ರ ಮಾರ್ಚ್‌ನಲ್ಲಿ ಬಂದ 98ನೇ ಆವೃತ್ತಿಯಿಂದ ಕೇಳದೆ ನೇರ ಡೌನ್‌ಲೋಡ್ಸ್ ಫೋಲ್ಡರ್‌ಗೆ ಹಾಕುತ್ತದೆ. ಹಳೆಯ ಅಭ್ಯಾಸವೇ ಬೇಕು ಅಂದರೆ ‘ಸೆಟ್ಟಿಂಗ್ಸ್’, ‘ಜನರಲ್’, ಅದರಲ್ಲಿ ‘ಅಪ್ಲಿಕೇಷನ್ಸ್’ ಭಾಗಕ್ಕೆ ಹೋಗಿ ಕೇಳುವಂತೆ ಹೇಳಬಹುದು. ಕ್ರೋಮ್‌ನಲ್ಲಿ ‘ಸೆಟ್ಟಿಂಗ್ಸ್’ ಒಳಗಿನ ‘ಡೌನ್‌ಲೋಡ್ಸ್’ನಲ್ಲಿ, ಪ್ರತಿ ಫೈಲ್‌ಗೂ ಎಲ್ಲಿ ಉಳಿಸಲಿ ಅಂತ ಕೇಳುವ ಸ್ವಿಚ್ ಇದೆ. ವಯಸ್ಸಾದವರ ಕಂಪ್ಯೂಟರಿನಲ್ಲಿ ನಾನು ಅದನ್ನು ಆನ್ ಮಾಡಿ, ‘ಡೆಸ್ಕ್‌ಟಾಪ್’ ಆರಿಸಿಕೊಡುತ್ತೇನೆ. ಆಮೇಲೆ ಅವರು ಈ ವಿಷಯಕ್ಕೆ ನನ್ನ ಹತ್ತಿರ ಬಂದದ್ದಿಲ್ಲ.

ಕಂಟ್ರೋಲ್ ಜೆ ಪಟ್ಟಿಯಲ್ಲೂ ಫೈಲ್ ಇಲ್ಲ ಅಂದರೆ ಬ್ರೌಸರ್ ನಿಜವಾಗಿಯೂ ತಡೆದಿದೆ. ವಿಳಾಸ ಪಟ್ಟಿಯ ಬಲತುದಿಯಲ್ಲಿ ಕೆಂಪು ಗುರುತಿನ ಸಣ್ಣ ಕಿಟಕಿ ಚಿತ್ರ ಬಂದಿದೆಯಾ ನೋಡಿ. ಹಾಗಿದ್ದರೆ ಪಾಪ್-ಅಪ್ ತಡೆದಿದ್ದಾರೆ ಅಂತ. ಕೆಲವು ಮೇಲ್ ಸೈಟುಗಳು ಫೈಲ್ ತೋರಿಸಲು ಹೊಸ ಕಿಟಕಿ ತೆರೆಯುತ್ತವೆ. ಆ ಚಿತ್ರ ಒತ್ತಿ, ನಿಮ್ಮ ಮೇಲ್ ಸೈಟಿಗೆ ಮಾತ್ರ ಅನುಮತಿ ಕೊಡಿ. ಎಲ್ಲ ಸೈಟಿಗೂ ಕೊಡಬೇಡಿ. ಬೇಡದ ಜಾಹೀರಾತುಗಳು ಜಾತ್ರೆ ಕಟ್ಟುತ್ತವೆ.

ಅದೂ ಇಲ್ಲವೇ? ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆದು, ಅಲ್ಲಿ ಮೇಲ್‌ಗೆ ಲಾಗಿನ್ ಆಗಿ ಫೈಲ್ ಒತ್ತಿ. ಫೈರ್‌ಫಾಕ್ಸ್ ಆದರೆ ಎನ್ ಬದಲು ಪಿ. ಅಲ್ಲಿ ಬೇರೆ ಹೇಳದ ಹೊರತು ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ನಾವು ಅಂಟಿಸಿಕೊಂಡ ಸಣ್ಣ ಆ್ಯಪ್‌ಗಳು) ಓಡುವುದಿಲ್ಲ, ಹಳೆಯ ಕುಕಿಗಳೂ (ನಮ್ಮ ಲಾಗಿನ್ ನೆನಪಿಡಲು ಸೈಟುಗಳು ಇಟ್ಟ ಗುರುತುಗಳು) ಇರುವುದಿಲ್ಲ. ಅಲ್ಲಿ ತೆರೆದರೆ ತಪ್ಪು ಎಕ್ಸ್‌ಟೆನ್ಷನ್‌ನದ್ದು, ಇಲ್ಲವೇ ಹಳಸಿದ ಕ್ಯಾಶ್‌ನದ್ದು, ಅಂದರೆ ಬೇಗ ತೋರಿಸಲೆಂದು ಬ್ರೌಸರ್ ಕೂಡಿಟ್ಟ ಹಳೆಯ ಪುಟಗಳದ್ದು. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಜಾಹೀರಾತು ತಡೆಯುವುದು, ಪಿಡಿಎಫ್ ಮಾಡಿಕೊಡುವುದು, ಡೌನ್‌ಲೋಡ್ ಜೋರು ಮಾಡುವುದು, ಇವೇ ನನ್ನ ಮೊದಲ ಅನುಮಾನ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ.

ಎಕ್ಸ್‌ಟೆನ್ಷನ್‌ಗಳಲ್ಲಿ ಏನೂ ಸಿಗದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ ಕ್ಯಾಶ್ ಖಾಲಿ ಮಾಡಿ. ಇಲ್ಲಿ ಸ್ವಲ್ಪ ಹುಷಾರು. ಮೊದಲು ‘ಕ್ಯಾಶ್ಡ್ ಇಮೇಜಸ್ ಆ್ಯಂಡ್ ಫೈಲ್ಸ್’ ಒಂದಕ್ಕೇ ಗುರುತು ಇರಲಿ. ಕುಕಿಗಳನ್ನೂ ಅಳಿಸಿದರೆ ಎಲ್ಲ ಸೈಟಿನಿಂದಲೂ ಹೊರಗೆ ಬೀಳುತ್ತೀರಿ, ಪಾಸ್‌ವರ್ಡ್ ನೆನಪಿರಬೇಕು, ಓಟಿಪಿ ಬರುವ ಫೋನ್ ಕೈಯಲ್ಲಿರಬೇಕು. ಪಾಸ್‌ವರ್ಡ್ ಅಳಿಸುವ ಗುರುತು ಕಂಡರೆ ಅದನ್ನಂತೂ ಮುಟ್ಟಲೇಬೇಡಿ. ಒಬ್ಬ ಹುಡುಗ ಉತ್ಸಾಹದಲ್ಲಿ ಅದನ್ನೂ ಒತ್ತಿ, ಅವರ ತಂದೆಯ ಅಷ್ಟೂ ಲಾಗಿನ್ ಕಳೆದು, ಎರಡು ದಿನ ಅಂಗಡಿ ಬೆಂಚಿನ ಮೇಲೆ ಕೂತು ಒಂದೊಂದಾಗಿ ರೀಸೆಟ್ ಮಾಡಿದ.

ಜಿಮೇಲ್‌ನವರಿಗೆ ಇನ್ನೊಂದು ಮಾತು. ಜಿಮೇಲ್‌ನ ಫೈಲ್ ಬರುವುದು ಮೇಲ್ ಪುಟದ ವಿಳಾಸದಿಂದಲ್ಲ, ಗೂಗಲ್‌ನದ್ದೇ ಬೇರೊಂದು ವಿಳಾಸದಿಂದ. ಥರ್ಡ್ ಪಾರ್ಟಿ ಕುಕಿಗಳನ್ನು (ನೀವು ತೆರೆದ ಸೈಟಿನದ್ದಲ್ಲದ, ಬೇರೆ ವಿಳಾಸದವರ ಕುಕಿಗಳನ್ನು) ಪೂರ್ತಿ ತಡೆದಿಟ್ಟಿದ್ದರೆ ಬ್ರೌಸರ್ ಅದನ್ನು ಹೊರಗಿನವರು ಅಂತ ತಿಳಿದು ಬಾಗಿಲು ಹಾಕಬಹುದು. ಪರೀಕ್ಷೆಗೆ ಆ ತಡೆಯನ್ನು ಸಡಿಲಿಸಿ, ತೆರೆದರೆ ಕಾರಣ ಅದೇ. ಇನ್‌ಕಾಗ್ನಿಟೊದಲ್ಲೂ ಕ್ರೋಮ್ ಇವನ್ನು ತಡೆದೇ ಇರುತ್ತದೆ, ಹಾಗಾಗಿ ಅಲ್ಲಿ ತೆರೆಯದಿದ್ದರೆ ಕಾರಣ ಇದೂ ಇರಬಹುದು, ಅದು ನೆನಪಿರಲಿ.

## ‘ನಿಮಗೆ ಅನುಮತಿ ಇಲ್ಲ ಅನ್ನುತ್ತದೆ’

ಇದು ಫೈಲ್ ಅಲ್ಲ, ಲಿಂಕ್. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಫೈಲ್ ತಾನಾಗಿ ಗೂಗಲ್ ಡ್ರೈವ್‌ನ ಲಿಂಕ್ ಆಗಿ ಹೋಗುತ್ತದೆ. ಅಪ್‌ಡೇಟ್ ನಂತರ ಮತ್ತೆ ಲಾಗಿನ್ ಆಗುವಾಗ ಮನೆಯ ಮೇಲ್ ಮೊದಲು, ಕಾಲೇಜಿನ ಮೇಲ್ ಆಮೇಲೆ ಹಾಕಿದ್ದರೆ, ಲಿಂಕ್ ಮೊದಲ ಖಾತೆಯಲ್ಲಿ ತೆರೆಯಲು ಹೋಗಿ ಮುಗ್ಗರಿಸುತ್ತದೆ. ಬಲಗಡೆ ಮೇಲಿನ ನಿಮ್ಮ ಚಿತ್ರ ಒತ್ತಿ ಸರಿಯಾದ ಖಾತೆಗೆ ಬದಲಾಯಿಸಿ. ಶಿವಗಂಗೋತ್ರಿಯ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದ, ವಿದ್ಯಾರ್ಥಿಗಳು ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟಿಗೆ ಬಂದಾಗ ನಾನು ಮೊದಲು ನೋಡುವುದು ಇದನ್ನೇ.

## ‘ಪಿಡಿಎಫ್ ಮೊದಲು ಹಾಗೇ ತೆರೆಯುತ್ತಿತ್ತು, ಈಗ ಬೇರೆ ಏನೋ ಆಗುತ್ತೆ’

ಟ್ಯಾಬ್‌ನಲ್ಲೇ ತೆರೆಯುತ್ತಿದ್ದ ಪಿಡಿಎಫ್ ಈಗ ಸುಮ್ನೆ ಡೌನ್‌ಲೋಡ್ ಆಗುತ್ತಿದ್ದರೆ, ಅಥವಾ ಅದರ ಉಲ್ಟಾ ಆಗುತ್ತಿದ್ದರೆ, ಸೆಟ್ಟಿಂಗ್ ಬದಲಾಗಿದೆ ಅಷ್ಟೇ. ಕ್ರೋಮ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ಅದರ ತಳದಲ್ಲಿ ‘ಪಿಡಿಎಫ್ ಡಾಕ್ಯುಮೆಂಟ್ಸ್’. ಎರಡೇ ಆಯ್ಕೆ ಇವೆ, ಬೇಕಾದ್ದು ಆರಿಸಿ. ಡೌನ್‌ಲೋಡ್ ಆದದ್ದು ಬೇರೆ ಆ್ಯಪ್‌ನಲ್ಲಿ ತೆರೆದರೆ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ವಿತ್’ ಆರಿಸಿ, ಯಾವಾಗಲೂ ಇದರಲ್ಲೇ ಅಂತ ಗುರುತು ಹಾಕಿ.

ತೆರೆಯುತ್ತೆ, ಆದರೆ ಹಾಳೆ ಪೂರ್ತಿ ಬಿಳಿ ಅಥವಾ ಕಪ್ಪು ಅನ್ನುವವರು ಕ್ರೋಮ್‌ನ ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’ಗೆ ಹೋಗಿ ಗ್ರಾಫಿಕ್ಸ್ ಆ್ಯಕ್ಸಲರೇಷನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಮತ್ತು ಹೊಸ ಬ್ರೌಸರ್‌ಗೆ ಹೊಂದಾಣಿಕೆ ಆಗದಾಗ ಹೀಗಾಗುತ್ತದೆ.

ಹಾಳೆಯ ಮೇಲೆ ‘ಪ್ಲೀಸ್ ವೇಟ್’ ಅಂತ ಇಂಗ್ಲಿಷಿನಲ್ಲಿ ಬಂದು ಅಲ್ಲೇ ನಿಂತರೆ ಎಷ್ಟು ಹೊತ್ತು ಕಾದರೂ ಅಷ್ಟೇ. ಅದು ತುಂಬಿಸುವ ಅರ್ಜಿಯ ವಿಶೇಷ ಪಿಡಿಎಫ್. ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲೇ ತೆರೆಯಿರಿ.

ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ, ಅದು ಮೇಲ್‌ನ ಪಾಸ್‌ವರ್ಡ್ ಅಲ್ಲ. ಇ-ಆಧಾರ್ ಆದರೆ ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಎಲ್ಲ ದೊಡ್ಡಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ಇಸವಿ. ಬ್ಯಾಂಕ್ ಸ್ಟೇಟ್‌ಮೆಂಟಿನ ಪಾಸ್‌ವರ್ಡ್ ಹೇಗೆ ಅಂತ ಸಾಮಾನ್ಯವಾಗಿ ಆ ಮೇಲ್‌ನಲ್ಲೇ ಬರೆದಿರುತ್ತದೆ. ಯಾರೂ ಓದುವುದಿಲ್ಲ.

## ‘ಕನ್ನಡ ಎಲ್ಲ ಹೋಗಿ ಇಂಗ್ಲಿಷ್ ಆಗಿಬಿಟ್ಟಿದೆ’

ನಿಟುವಳ್ಳಿಯ ರಿಟೈರ್ಡ್ ಮೇಷ್ಟ್ರು ಒಬ್ಬರು ಮೊಮ್ಮಗನ ಲಗ್ನಪತ್ರಿಕೆ ಹಿಡಿದು ಬಂದರು. ‘ಅವನು ಅದೇನೋ ಅಪ್‌ಡೇಟ್ ಒತ್ತಿದನಪ್ಪ. ಪತ್ರಿಕೆ ಎಲ್ಲ ಇಂಗ್ಲಿಷ್ ಆಯ್ತು. ಅದೂ ನಾನು ಕಲಿಸಿದ ಇಂಗ್ಲಿಷ್ ಅಲ್ಲ.’ ನೋಡಿದರೆ ಹೌದು, ತಲೆ ಮೇಲೆ ಟೋಪಿ ಇಟ್ಟುಕೊಂಡ ಅಕ್ಷರಗಳು, ನಡುನಡುವೆ ಗೆರೆ, ಚುಕ್ಕಿ.

‘ಮೇಷ್ಟ್ರೇ, ಇದು ನುಡಿಯಲ್ಲಿ ಟೈಪ್ ಮಾಡಿದ್ದು’ ಅಂದೆ. ಕಾರಣ ಹೀಗಿದೆ. ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲ್‌ನ ಹೊಟ್ಟೆಯಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ವೇಷ ಕಳಚಿದರೆ ಒಳಗಿನದ್ದು ಕಾಣುತ್ತದೆ. ಜಿಮೇಲ್‌ನಲ್ಲಿ ಫೈಲ್ ಮೇಲೆ ಒತ್ತಿದಾಗ ಕಾಣುವ ಪ್ರಿವ್ಯೂ ತಯಾರಾಗುವುದು ಗೂಗಲ್‌ನ ಸರ್ವರ್‌ನಲ್ಲಿ. ಅಲ್ಲಿ ನಮ್ಮ ನುಡಿ ಇಲ್ಲ. ಹಾಗಾಗಿ ನಿಮ್ಮ ಕಂಪ್ಯೂಟರಿಗೆ ಎಷ್ಟು ಸಲ ನುಡಿ ಹಾಕಿದರೂ ಪ್ರಿವ್ಯೂ ಸರಿಹೋಗುವುದಿಲ್ಲ. ಮೊದಲು ಮೊಮ್ಮಗ ಫೈಲ್ ಇಳಿಸಿ ವರ್ಡ್‌ನಲ್ಲಿ ತೆರೆಯುತ್ತಿದ್ದ, ಈಗ ಪ್ರಿವ್ಯೂ ನೋಡಿದ್ದಾನೆ. ಬೈಗುಳ ಮಾತ್ರ ಅಪ್‌ಡೇಟ್‌ಗೆ ಬಿತ್ತು.

ದಾರಿ: ಪ್ರಿವ್ಯೂ ಬಿಟ್ಟು ಡೌನ್‌ಲೋಡ್ ಮಾಡಿ, ನುಡಿ ಇರುವ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆಯಿರಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ. ಆಗಲೂ ಗೋಜಲು ಕಂಡರೆ ಎಲ್ಲವನ್ನೂ ಸೆಲೆಕ್ಟ್ ಮಾಡಿ ಫಾಂಟ್ ಪಟ್ಟಿಯಲ್ಲಿ ‘ನುಡಿ 01 ಇ’ ಆರಿಸಿ ನೋಡಿ. ಗೋಜಲು ಕಂಡಿತು ಅಂತ ತಿದ್ದಿ ಸೇವ್ ಮಾಡಲು ಹೋಗಬೇಡಿ, ಆಗ ನಿಜಕ್ಕೂ ಕೆಡುತ್ತದೆ. ಕಳಿಸುವವರು ಪಿಡಿಎಫ್ ಮಾಡಿ ಕಳಿಸಿದರೆ ಈ ರಗಳೆಯೇ ಇಲ್ಲ, ಫಾಂಟ್ ಪಿಡಿಎಫ್ ಜೊತೆಗೇ ಬರುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಕನ್ನಡಕ್ಕೇ ಸ್ವಂತ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಮದುವೆ ಕಾರ್ಡ್ ಮಾಡುವವರಿಗೆ ಹಳೆಯ ಫಾಂಟ್‌ಗಳ ಅಂದವೇ ಬೇಕು, ಏನು ಮಾಡುವುದು.

## ‘ಫೋಲ್ಡರ್‌ನಲ್ಲಿ ಇದೆ, ಆದರೆ ತೆರೆಯಲ್ಲ’

ಹೆಸರಿನ ಬಾಲ ನೋಡಿ. ಕೊನೆಯಲ್ಲಿ ‘ಸಿಆರ್‌ಡೌನ್‌ಲೋಡ್’ ಅಥವಾ ‘ಪಾರ್ಟ್’ ಅಂತ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಬಾಲ ಕತ್ತರಿಸಿ ಪಿಡಿಎಫ್ ಅಂತ ಹೆಸರು ಬದಲಿಸಿದರೆ ಪಿಡಿಎಫ್ ಆಗುವುದಿಲ್ಲ. ಅಳಿಸಿ ಮತ್ತೆ ಇಳಿಸಿ. ಗಾತ್ರ 0 ಕೆಬಿ ಇದ್ದರೂ ಅಷ್ಟೇ. ಪದೇಪದೇ ಹೀಗಾದರೆ ಸಿ ಡ್ರೈವ್ ತುಂಬಿದೆಯಾ ನೋಡಿ.

ಬಾಲ ಎಚ್‌ಇಐಸಿ ಅಂತಿದ್ದರೆ ಅದು ಐಫೋನ್ ಫೋಟೊ, ಜೆಪೆಗ್ ಮಾಡಿ ಕಳಿಸಲು ಹೇಳಿ. ‘ವಿನ್‌ಮೇಲ್ ಡಾಟ್ ಡ್ಯಾಟ್’ ಅಂತ ಬಂದರೆ ಕಳಿಸಿದವರ ಔಟ್‌ಲುಕ್ ಮೇಲ್ ಅನ್ನು ತನ್ನದೇ ನಮೂನೆಯಲ್ಲಿ ಗಂಟು ಕಟ್ಟಿದೆ. ಅವರು ಎಚ್‌ಟಿಎಂಎಲ್ ಅಥವಾ ಬರೀ ಅಕ್ಷರದ ನಮೂನೆಯಲ್ಲಿ ಮತ್ತೆ ಕಳಿಸಬೇಕು. ವರ್ಡ್ ಫೈಲ್ ಹಳದಿ ಪಟ್ಟಿಯೊಂದಿಗೆ ತೆರೆದು ತಿದ್ದಲು ಬಿಡದಿದ್ದರೆ ಅದು ದೋಷವಲ್ಲ, ಇಂಟರ್‌ನೆಟ್‌ನಿಂದ ಬಂದ ಫೈಲ್‌ಗೆ ವರ್ಡ್ ಹಾಕುವ ಬೇಲಿ. ಕಳಿಸಿದವರು ಗೊತ್ತಿದ್ದರೆ ಮಾತ್ರ ‘ಎನೇಬಲ್ ಎಡಿಟಿಂಗ್’ ಒತ್ತಿ.

## ‘ಇದು ಅಪಾಯ ಅಂತ ಬ್ರೌಸರ್ರೇ ತಡೆಯುತ್ತಿದೆ’

ಇಲ್ಲಿ ಕೈ ನಿಲ್ಲಿಸಿ. ಹೊಸ ಬ್ರೌಸರ್‌ಗಳು ಹಳೆಯವು ಬಿಡುತ್ತಿದ್ದ ಎಷ್ಟೋ ಫೈಲ್‌ಗಳನ್ನು ತಡೆಯುತ್ತವೆ. ಬಹಳ ಸಲ ಅವು ಹೇಳುವುದೇ ಸರಿ.

‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಹೀಗೆ ಎರಡು ಬಾಲ ಇರುವುದು ಪಿಡಿಎಫ್ ಅಲ್ಲ, ಪಿಡಿಎಫ್ ಮುಖವಾಡದ ಪ್ರೋಗ್ರಾಂ. ಎಚ್‌ಟಿಎಂಎಲ್ ಫೈಲ್ ತೆರೆದ ತಕ್ಷಣ ಮೇಲ್ ಪಾಸ್‌ವರ್ಡ್ ಕೇಳಿದರೆ ಮುಚ್ಚಿಬಿಡಿ. ಫೋನಿನಲ್ಲಿ ಮದುವೆ ಕರೆಯೋಲೆ ಅಥವಾ ಟ್ರಾಫಿಕ್ ದಂಡದ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ. ಕರೆಯೋಲೆಗೆ ಆ್ಯಪ್ ಯಾಕೆ ಬೇಕು ಅಲ್ವಾ? ‘ನಿಮ್ಮ ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿ’ ಅಂತ ಯಾವುದೋ ಪುಟ ಹೇಳಿ ನೀವು ಒತ್ತಿದ್ದರೆ, ನಿಮಗಾದದ್ದು ಅಪ್‌ಡೇಟ್ ಅಲ್ಲದೆಯೂ ಇರಬಹುದು. ನಿಜವಾದ ಅಪ್‌ಡೇಟ್ ಬರುವುದು ಬ್ರೌಸರ್‌ನ ‘ಅಬೌಟ್’ ಪುಟದೊಳಗಿಂದ. ಅನುಮಾನ ಬಂದರೆ ಇಂಟರ್‌ನೆಟ್ ಕಿತ್ತು, ಆ್ಯಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿ. ಬೇರೆ ಫೋನಿನಿಂದ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಫೈಲ್ ಆಫೀಸಿನದ್ದೇ, ಗೊತ್ತಿರುವವರೇ ಕಳಿಸಿದ್ದು, ಆದರೂ ‘ಸುರಕ್ಷಿತವಾಗಿ ಇಳಿಸಲಾಗದು’ ಅನ್ನುತ್ತದೆಯೇ? ಆ ಆಫೀಸಿನ ಮೇಲ್ ಸೈಟ್ ವಿಳಾಸ ‘ಎಚ್‌ಟಿಟಿಪಿ’ ಅಂತ ಮಾತ್ರ ಇದ್ದು ಕೊನೆಗೆ ‘ಎಸ್’ ಇಲ್ಲದಿರಬಹುದು. ಅದನ್ನು ಸರಿಮಾಡಬೇಕಾದವರು ಸೈಟ್ ನೋಡಿಕೊಳ್ಳುವವರು. ಅವರಿಗೆ ತಿಳಿಸಿ. ತಡೆ ತೆಗೆಯಲು ಆ್ಯಂಟಿವೈರಸ್ ಆಫ್ ಮಾಡಿಟ್ಟು ಮರೆಯುವ ಚಟ ಮಾತ್ರ ಬೇಡ.

## ‘ಅಪ್‌ಡೇಟೇ ಆಗಲ್ಲ’, ‘ಮೇಲ್ ಪುಟವೇ ಸರಿಯಾಗಿ ಬರಲ್ಲ’

ಪರದೆಯ ಮೂಲೆಯ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ಸಾಮಾನ್ಯವಾಗಿ ಅದು ಸಿಆರ್ 2032 ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕುವ ಮೊದಲು ಪ್ಲಗ್ ಕಿತ್ತಿರಿ.

ವಿಂಡೋಸ್ 7 ಅಥವಾ 8.1 ಇದ್ದರೆ ಕ್ರೋಮ್ 109ಕ್ಕೆ ನಿಂತುಹೋಗಿದೆ. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಇಂಥ ಯಂತ್ರದಲ್ಲಿ ಮೇಲ್ ಪುಟಗಳು ಒಂದೊಂದಾಗಿ ಕೈಕೊಡುತ್ತಾ ಹೋಗುತ್ತವೆ. ಅದಕ್ಕೆ ಬ್ರೌಸರ್‌ನಲ್ಲಿ ಮದ್ದಿಲ್ಲ.

## ಯಾವುದರಿಂದಲೂ ಆಗದಿದ್ದರೆ

ಕ್ರೋಮ್‌ನ ‘ರೀಸೆಟ್ ಸೆಟ್ಟಿಂಗ್ಸ್’ ಒಮ್ಮೆ ಮಾಡಬಹುದು. ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಯುತ್ತವೆ, ಎಕ್ಸ್‌ಟೆನ್ಷನ್‌ಗಳು ಆಫ್ ಆಗುತ್ತವೆ, ಮತ್ತೆ ಲಾಗಿನ್ ಆಗಬೇಕು. ಹಳೆಯ ಆವೃತ್ತಿ ಹುಡುಕಿ ಹಾಕಿಕೊಳ್ಳಲು ಹೋಗಬೇಡಿ. ಎಲ್ಲೆಲ್ಲಿಂದಲೋ ಇಳಿಸಿದ ಹಳೆ ಬ್ರೌಸರ್ ಅಂದರೆ ಕೀಲಿ ಇಲ್ಲದ ಮನೆ. ಕಂಪ್ಯೂಟರ್ ಆಫೀಸಿನದ್ದಾದರೆ, ಅಥವಾ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅಂತ ಬ್ರೌಸರ್ ತೋರಿಸಿದರೆ, ಇಷ್ಟು ದೂರ ಬರುವ ಮೊದಲೇ ಅಲ್ಲಿನ ಕಂಪ್ಯೂಟರ್ ವಿಭಾಗದವರನ್ನು ಕರೆಯಿರಿ. ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿ ಟೋಕನ್ ಬಳಸುವವರು ರೀಸೆಟ್ ಮಾಡುವ ಮೊದಲು ಅದನ್ನು ಹಾಕಿಕೊಟ್ಟವರನ್ನು ಕೇಳಿ.

ರಿಪೇರಿಯವರ ಹತ್ತಿರ ಹೋಗುವಾಗ ಬರೀ ‘ಓಪನ್ ಆಗ್ತಿಲ್ಲ’ ಅನ್ನಬೇಡಿ. ಪರದೆಯ ಮೇಲೆ ಬಂದ ಮಾತಿನ ಫೋಟೊ, ಫೈಲ್‌ನ ಪೂರ್ತಿ ಹೆಸರು ಬಾಲ ಸಮೇತ, ಬ್ರೌಸರ್‌ನ ನಂಬರು, ಫೋನ್‌ನಲ್ಲಿ ತೆರೆಯಿತೋ ಇಲ್ಲವೋ, ಇಷ್ಟು ತನ್ನಿ. ನನ್ನಂಥ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಮೇಲ್ ತೆರೆದಿದ್ದರೆ ಏಳುವ ಮೊದಲು ಲಾಗ್‌ಔಟ್ ಆಗಿ, ಡೌನ್‌ಲೋಡ್ಸ್‌ನಿಂದ ಫೈಲ್ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ. ನನ್ನ ಎರಡನೇ ಕಂಪ್ಯೂಟರಿನಲ್ಲಿ ದಿನಾ ಸಂಜೆ ನಾಲ್ಕೈದು ಜನರ ಆಧಾರ್ ಸಿಗುತ್ತದೆ. ಶಟರ್ ಎಳೆಯುವ ಮೊದಲು ನಾನೇ ಅಳಿಸುತ್ತೇನೆ.